ಒಂಬತ್ತು ಚೌಕದ ಬಟ್ಟೆ

ಮನೆಯಿಂದ,
ಮಂಗಳವಾರ, ಹದಿನೇಳನೇ ತಾರೀಕು,
ಬೆಳಿಗ್ಗೆ, ಅಡುಗೆಮನೆಯ ಮೇಜು.

ಪ್ರೀತಿಯ ಮಗನಿಗೆ,

ನಾಲ್ಕು ಜನರ ಎದುರು ನಿನ್ನನ್ನು ಫಾದರ್ ಎಂದೇ ಕರೆಯಬೇಕು, ಅದು ನನಗೂ ಗೊತ್ತು, ಕರೆಯುತ್ತಲೂ ಇದ್ದೇನೆ. ಆದರೆ ಈ ಕಾಗದದಲ್ಲಿ ನಾಲ್ಕು ಜನ ಇಲ್ಲ. ನಾನು ಬರೆಯುವವಳು, ನೀನು ಓದುವವನು. ಆದ್ದರಿಂದ ಇವತ್ತು ನೀನು ಬರೀ ನನ್ನ ಮಗ.

ಹೇಗಿದ್ದೀಯ? ಎದೆಯಲ್ಲಿ ಕೂತಿದ್ದ ಕೆಮ್ಮು ಬಿಟ್ಟಿತೇ? ಮಾತ್ರೆಯನ್ನು ಪೂರ್ತಿ ತೆಗೆದುಕೊಂಡೆಯೋ ಅಥವಾ ಎರಡು ದಿನ ನುಂಗಿ, ಉಳಿದದ್ದನ್ನು ಪೂಜೆಯ ಪುಸ್ತಕದ ಮಧ್ಯೆ ಗುರುತಿಗೆ ಇಟ್ಟೆಯೋ? ಊಟ ಹೊತ್ತಿಗೆ ಸರಿಯಾಗಿ ಮಾಡು. ನಿಂತುಕೊಂಡು ತಿನ್ನಬೇಡ. ನನ್ನ ಮಂಡಿ ಹಾಗೇ ಇದೆ. ಮೊಣಕಾಲೂರುವುದಕ್ಕೆ ತಕರಾರಿಲ್ಲ, ಏಳುವಾಗ ಮಾತ್ರ ಮುಂದಿನ ಬೆಂಚಿನ ಸಹಾಯ ಕೇಳುತ್ತದೆ. ಕನ್ನಡಕ ಬದಲಾಯಿಸಿದೆ. ಈಗ ಬಲಿಪೀಠದ ಮೇಲೆ ಇರುವೆ ಹರಿದರೂ ಕಾಣುತ್ತದೆ. ನಿನ್ನ ಅಕ್ಕ ಇನ್ನೂ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲೇ ಇದ್ದಾಳೆ. ಬೆಳಿಗ್ಗೆ ಬಂದು ಮಲಗುತ್ತಾಳೆ. ಅವಳ ಬಗ್ಗೆ ಹೇಳುವುದಿದೆ, ಅದಕ್ಕೇ ಬರುತ್ತಿದ್ದೇನೆ.

ನಮ್ಮ ಫಾದರ್ ಬೆಳಗಿನ ಆರು ಗಂಟೆಯ ಪೂಜೆಯನ್ನು ಎಂಟು ಗಂಟೆಗೆ ಹಾಕಿದ ವಿಷಯ ಹೋದ ಕಾಗದದಲ್ಲಿ ಬರೆದಿದ್ದೆ. ಹೇಗೆ ಹಾಕಿದರು ಎಂಬುದನ್ನು ಬರೆದಿರಲಿಲ್ಲ. ಭಾನುವಾರದ ಪೂಜೆಯ ಕೊನೆಯಲ್ಲಿ, ಮದುವೆ ಪ್ರಕಟಣೆ ಓದಿ, ಕಳೆದುಹೋದ ಒಂದು ಕೊಡೆಯ ವಿಷಯ ಹೇಳಿ, ಅದೇ ಉಸಿರಿನಲ್ಲಿ, "ನಾಳೆಯಿಂದ ವಾರದ ದಿನಗಳ ಪೂಜೆ ಎಂಟು ಗಂಟೆಗೆ" ಎಂದರು. ಕೊಡೆಗೆ ಕೊಟ್ಟಷ್ಟು ಹೊತ್ತನ್ನೂ ಅದಕ್ಕೆ ಕೊಡಲಿಲ್ಲ. ಪಾಲನಾ ಸಮಿತಿ ಅಂತ ಒಂದಿದೆ, ಹನ್ನೆರಡು ಜನ ಇದ್ದೇವೆ, ಯಾರನ್ನೂ ಕೇಳಿಲ್ಲ. ಆರು ಗಂಟೆಯ ಪೂಜೆಗೆ ಬರುವವರು ಯಾರು ಎಂದು ನಿನಗೆ ಗೊತ್ತು. ಪಾಳಿ ಮುಗಿಸಿದ ನಿನ್ನ ಅಕ್ಕ, ಅವಳ ಜೊತೆಯ ಇಬ್ಬರು ಆಯಾಗಳು, ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು, ಮೊದಲ ಟ್ರಿಪ್ಪಿನ ಬಸ್ಸು ಹೊಡೆಯುವ ಡ್ರೈವರು, ಶಾಲೆಯ ವಾಚ್‌ಮನ್. ಎಂಟು ಗಂಟೆಗೆ ಇವರೆಲ್ಲ ಒಂದೋ ನಿದ್ದೆಯಲ್ಲಿರುತ್ತಾರೆ, ಇಲ್ಲವೇ ಕೆಲಸದಲ್ಲಿರುತ್ತಾರೆ. ನಿನ್ನ ಅಕ್ಕ ಆವತ್ತಿನಿಂದ ಪೂಜೆಯಿಲ್ಲದೆ ಮಲಗುತ್ತಿದ್ದಾಳೆ. "ಅಮ್ಮಾ, ವಾರ್ಡಲ್ಲಿ ಯಾರಾದ್ರೂ ತೀರಿಹೋದ್ರೆ ಅವರನ್ನ ಪೂಜೇಲಿ ಇಳಿಸಿ ಬರ್ತಿದ್ದೆ. ಈಗ ಹಾಗೇ ಮನೆಗೆ ಹೊತ್ಕೊಂಡು ಬರ್ತೀನಿ" ಎಂದಳು. ನನಗೆ ಅದು ಸಾಕಾಯಿತು.

ಕಚೇರಿಗೆ ಹೋದೆ. ಫಾದರ್ ಕೂರಿಸಿದರು, ಮರ್ಯಾದೆಗೇನೂ ಕೊರತೆಯಿಲ್ಲ. "ಅಮ್ಮಾ, ಆರು ಗಂಟೆಗೆ ಬರೋರು ಹನ್ನೊಂದು ಜನ. ನಾನು ಎಣಿಸಿದ್ದೀನಿ" ಎಂದರು. "ಹನ್ನೆರಡು ಫಾದರ್. ನೀವು ನಿಮ್ಮನ್ನ ಎಣಿಸ್ಕೊಂಡಿಲ್ಲ" ಎಂದೆ. ನಗಲಿಲ್ಲ. ಮೂರು ಚರ್ಚು ನೋಡಿಕೊಳ್ಳಬೇಕು, ಆಸ್ಪತ್ರೆ, ಶಾಲೆ, ಒಂದು ಬೈಕು, ಒಬ್ಬನೇ ಮನುಷ್ಯ ಎಂದರು. ಅದನ್ನು ಒಪ್ಪಿದೆ. ಹಾಗಾದರೆ ಕೂತು ಮಾತಾಡಬಹುದಿತ್ತಲ್ಲ ಎಂದೆ. ಆಗ ಒಂದು ಮಾತು ಹೇಳಿದರು: "ಪೂಜೆಯ ಹೊತ್ತು ಗೊತ್ತುಮಾಡೋದು ಗುರುವಿನ ಕೆಲಸ ಅಮ್ಮಾ. ಓಟು ಹಾಕಿ ತೀರ್ಮಾನ ಮಾಡೋ ವಿಷಯ ಅಲ್ಲ." ನಾನು ಎದ್ದು ಬಂದೆ. ಆ ಕಚೇರಿಯ ಬಾಗಿಲನ್ನೂ ಚರ್ಚಿನ ಬಾಗಿಲನ್ನೂ ಮಾಡಿದ ಬಡಗಿ ನಿನ್ನ ತಾತ. ಹನ್ನೊಂದು ಗುರುಗಳು ಬಂದು ವರ್ಗವಾಗಿ ಹೋದರು, ಬಾಗಿಲು ಅಲ್ಲೇ ಇದೆ. ನಾವು ಅದರ ಒಳಗೇ ಜ್ಞಾನಸ್ನಾನದ ನೀರು ಹಾಕಿಸಿಕೊಂಡು, ಅದರ ಒಳಗೇ ಮದುವೆಯಾಗಿ, ಅದರ ಒಳಗಿಂದಲೇ ಪೆಟ್ಟಿಗೆಯಲ್ಲಿ ಹೊರಡುವವರು. ನಮ್ಮನ್ನು ಒಂದು ಮಾತು ಕೇಳಿ ಎನ್ನುವಷ್ಟೂ ಹಕ್ಕಿಲ್ಲವೇ ನಮಗೆ?

ಹೊತ್ತು ಬದಲಾಯಿತು, ಜನಕ್ಕೆ ಬೇಸರವಾಗಿದೆ ಎಂದು ನಿನಗೆ ಬರೆದಾಗ ನನ್ನ ಮಗ ನನ್ನ ಪರವಾಗಿ ಎರಡು ಸಾಲು ಬರೆಯುತ್ತಾನೆ ಎಂದುಕೊಂಡಿದ್ದೆ. ನೀನು ಬರೆದದ್ದನ್ನು ಹಾಗೇ ಇಲ್ಲಿ ಇಳಿಸುತ್ತೇನೆ, ಮರೆತಿದ್ದರೆ ನೆನಪಾಗಲಿ: "ಜನ ಚರ್ಚನ್ನು ತಮ್ಮ ಮನೆಯ ಹಜಾರ ಅಂದುಕೊಂಡಿದ್ದಾರೆ ಅಮ್ಮಾ. ಗುರುಗಳು ಅವರ ಆಳಲ್ಲ. ಇವತ್ತು ಹೊತ್ತು ಬದಲಾಯಿಸು ಅನ್ನುತ್ತಾರೆ, ನಾಳೆ ಉಪದೇಶ ಬದಲಾಯಿಸು ಅನ್ನುತ್ತಾರೆ. ನೀನು ಇದರಲ್ಲಿ ಸೇರಬೇಡ." ಓದಿ ಮುಖಕ್ಕೆ ಹೊಡೆದ ಹಾಗಾಯಿತು. ನಾನು ಬರೆದದ್ದು ಹೊತ್ತಿನ ವಿಷಯ, ನೀನು ಉತ್ತರ ಕೊಟ್ಟದ್ದು ಯಾರಿಗೋ. ಅಷ್ಟು ಕೋಪ ನನ್ನ ಮೇಲಿನದಲ್ಲ ಎಂದು ಆಗಲೇ ಅನಿಸಬೇಕಿತ್ತು. ಅನಿಸಲಿಲ್ಲ. ಕೊನೆಯಲ್ಲಿ ಬೇರೆ ಶಾಯಿಯಲ್ಲಿ ನೀನು ಒಂದು ಸಾಲು ಸೇರಿಸಿದ್ದೆ: ಪೂಜೆಯ ಬಟ್ಟೆಗೆ ಗಂಜಿ ಎಷ್ಟು ಚಮಚ ಹಾಕುತ್ತೀಯ, ದ್ರಾಕ್ಷಾರಸದ ಕಲೆ ಹೇಗೆ ತೆಗೆಯುತ್ತೀಯ ಎಂದು. ಬೈದಾದ ಮೇಲೆ ಅಮ್ಮನನ್ನು ಸಮಾಧಾನ ಮಾಡಲು ಅವಳ ಕೆಲಸದ ವಿಷಯ ಎತ್ತಿದ್ದಾನೆ, ಜಾಣ, ಎಂದುಕೊಂಡೆ. ಕಾಗದ ಮಡಚಿ ಡಬ್ಬದೊಳಗೆ ಹಾಕಿದೆ. ಉತ್ತರ ಬರೆಯಲಿಲ್ಲ.

ಅದಾದ ವಾರ ಗಾನವೃಂದದ ಮೇಷ್ಟ್ರ ಮನೆಯಲ್ಲಿ ಸಭೆ ಸೇರಿತು. ಮೇಷ್ಟ್ರು ನಿನಗೆ ಗೊತ್ತಲ್ಲ, ಹಾರ್ಮೋನಿಯಂ ಮುಟ್ಟುವ ಮೊದಲು ಮೂರು ಸಲ ಗಂಟಲು ಸರಿಮಾಡಿಕೊಳ್ಳುವವರು. ಆವತ್ತು ಒಂದೇ ಸಲ ಸರಿಮಾಡಿಕೊಂಡರು. ಎಲ್ಲರೂ ಕೈ ಕಟ್ಟಿ ಕೂರುವುದು ಎಂದು ತೀರ್ಮಾನವಾಯಿತು. ಗಾನವೃಂದ ಹಾಡುವುದಿಲ್ಲ, ವಾಚನ ಓದುವವರು ಓದುವುದಿಲ್ಲ, ಹೂ ಇಡುವವರು ಇಡುವುದಿಲ್ಲ. ಪೂಜೆಗೆ ಹೋಗುವುದು, ಬೆಂಚಿನಲ್ಲಿ ಕೂರುವುದು, ಬಾಯಿ ಬಿಡದೆ ಬರುವುದು. ಎಲ್ಲ ಮುಗಿದ ಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿದರು. "ನಾವು ಹಾಡದಿದ್ರೂ ಪೂಜೆ ನಡೆಯತ್ತೆ ದೊಡ್ಡಮ್ಮಾ. ನೀವು ಬಟ್ಟೆ ಕೊಡದಿದ್ರೆ ಹೇಗೆ ನಡೆಯತ್ತೆ ನೋಡೋಣ."

ಮೂವತ್ತೆಂಟು ವರ್ಷದಿಂದ ಆ ಬಟ್ಟೆ ಒಗೆಯುತ್ತಿದ್ದೇನೆ. ನಿನಗೆ ಹೇಳಬೇಕಾಗಿಲ್ಲ, ನೀನು ಅದರ ಪಕ್ಕದಲ್ಲೇ ಬೆಳೆದವನು. ಪಾನಪಾತ್ರೆ ಒರೆಸುವ ಉದ್ದದ ಬಟ್ಟೆಗಳು ಇಪ್ಪತ್ತೆರಡು. ಪ್ರಸಾದ ಇಡುವಾಗ ಕೆಳಗೆ ಹಾಸುವ ಚೌಕದ ಬಟ್ಟೆಗಳು ಒಂಬತ್ತು. ಮೊದಲ ನೀರನ್ನು ಚರಂಡಿಗೆ ಬಿಡುವಂತಿಲ್ಲ, ಕಣ್ಣಿಗೆ ಕಾಣದ ಪ್ರಸಾದದ ಚೂರು ಇರಬಹುದು ಎಂದು. ಚರ್ಚಿನ ಹಿಂದೆ, ಯಾರ ಕಾಲೂ ಬೀಳದ ಕಡೆ, ದಾಳಿಂಬೆ ಗಿಡದ ಬುಡಕ್ಕೆ ಸುರಿದು, ಆಮೇಲೆ ಬಟ್ಟೆಗಳನ್ನು ಮನೆಗೆ ತರುತ್ತೇನೆ. ಚೌಕದ ಬಟ್ಟೆಯನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಳಮುಖವಾಗಿಯೇ ಮಡಚಬೇಕು. ಬಿಚ್ಚಿದಾಗ ಒಂಬತ್ತು ಚೌಕದ ಗೆರೆ ಕಾಣಬೇಕು. ಇಷ್ಟು ವರ್ಷದಲ್ಲಿ ಹೆರಿಗೆಯಾದ ವಾರ, ನಿಮ್ಮ ಅಪ್ಪ ತೀರಿಹೋದ ವಾರ, ಯಾವ ವಾರವೂ ತಪ್ಪಿಸಿದವಳಲ್ಲ. ಅಂಥವಳು ಆವತ್ತು ಮೇಷ್ಟ್ರಿಗೆ "ಆಗಲಿ" ಎಂದೆ. ನಿನ್ನ ಕಾಗದದ ಸಿಟ್ಟೂ ಅದರಲ್ಲಿ ಸೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಒಗೆದು ಇಸ್ತ್ರಿ ಮಾಡಿದ ಗಂಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ಮೊದಲ ವಾರ ಫಾದರ್ ಬೀರುವಿನಲ್ಲಿ ಉಳಿದಿದ್ದ ಎರಡು ಬಟ್ಟೆಯಲ್ಲಿ ಸುಧಾರಿಸಿದರು. ಆಮೇಲೆ ಒಂದು ಮಧ್ಯಾಹ್ನ ಮನೆಯ ಗೇಟಿಗೆ ಬಂದರು. ಬೈಕು ನಿಲ್ಲಿಸಿ, ಹೆಲ್ಮೆಟ್ಟು ಕೈಯಲ್ಲಿ ಹಿಡಿದು, ಒಳಗೆ ಬರಲಿಲ್ಲ, ನಾನೂ ಕರೆಯಲಿಲ್ಲ. "ಅಮ್ಮಾ, ಬಟ್ಟೆ?" ಎಂದರು. ಕಲ್ಲು ಸಿಡಿಯುವಂಥ ಬಿಸಿಲು. ಹಗ್ಗದ ಮೇಲೆ ಒಂದು ಕರವಸ್ತ್ರವೂ ಇಲ್ಲ. ನಾನು ನೆಟ್ಟಗೆ ನಿಂತು, "ಇನ್ನೂ ಒಣಗಿಲ್ಲ ಫಾದರ್" ಎಂದೆ. ಅವರು ಒಂದು ಸಲ ಆಕಾಶ ನೋಡಿದರು, ಒಂದು ಸಲ ಖಾಲಿ ಹಗ್ಗ ನೋಡಿದರು. ಸುಳ್ಳು ಎನ್ನಲಿಲ್ಲ. ಬೈಯಲಿಲ್ಲ. "ಸರಿ ಅಮ್ಮಾ, ಒಣಗಲಿ" ಎಂದು ಹೇಳಿ ಹೋದರು. ನಿನಗೂ ನಿನ್ನ ಅಕ್ಕನಿಗೂ ಸುಳ್ಳು ಹೇಳಬಾರದೆಂದು ಬೆರಳಿನ ಗೆಣ್ಣಿಗೆ ಹೊಡೆದು ಕಲಿಸಿದವಳು ನಾನು. ಒಳಗೆ ಬಂದು ಅರ್ಧ ಚೊಂಬು ನೀರು ಕುಡಿದೆ. ಆದರೂ ಬೀಗ ತೆಗೆಯಲಿಲ್ಲ. ಸೋತಂತಾಗುತ್ತದೆ ಎಂದು.

ಮೊನ್ನೆ ಭಾನುವಾರಕ್ಕೆ ಬರುತ್ತೇನೆ. ಚರ್ಚು ತುಂಬಿತ್ತು, ಆದರೆ ಪರೀಕ್ಷೆಯ ಹಾಲಿನ ಹಾಗೆ ಸದ್ದಿಲ್ಲ. ಹೂವಿಲ್ಲ. ಫಾದರ್ ತಾವೇ ವಾಚನ ಓದಿದರು, ತಾವೇ ಹಾಡು ಎತ್ತಿದರು, ಯಾರೂ ದನಿಗೂಡಿಸಲಿಲ್ಲ. ಅವರ ಶ್ರುತಿ ದೇವರಿಗೇ ಪ್ರೀತಿ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಂದು ಪದ ಹಾಡಿ ನಿಲ್ಲಿಸುತ್ತಾರೆ ಎಂದುಕೊಂಡೆ. ಮೂರೂ ಪದ ಹಾಡಿದರು. ಆಮೇಲೆ ಬಲಿಪೀಠದ ಮೇಲೆ ಬಟ್ಟೆ ಬಿಚ್ಚಿದರು. ನಾನು ಮೊದಲ ಬೆಂಚಿನಲ್ಲಿ, ಹೊಸ ಕನ್ನಡಕದಲ್ಲಿ, ಅದನ್ನೇ ಕಾಯುತ್ತಿದ್ದೆ. ಹಿಂದಿನ ವಾರದ ಬಟ್ಟೆಯನ್ನು ತಾವೇ ಒಗೆದಿದ್ದರು. ಮಧ್ಯದಲ್ಲಿ ದ್ರಾಕ್ಷಾರಸದ ಕಲೆ ನೀಲಿಗಟ್ಟಿ ಕೂತಿತ್ತು, ಸೀದಾ ಕುದಿಯುವ ನೀರಿಗೆ ಹಾಕಿದ್ದಾರೆ. ಒಂದು ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆಯ ಮೂತಿ ಅಚ್ಚೊತ್ತಿದ ಹಾಗೆ ಕಂದು ಗುರುತು. ಮೂರು ಮೂರು ಮಡಿಕೆ ಇಲ್ಲ, ಕರವಸ್ತ್ರದ ಹಾಗೆ ನಾಲ್ಕಾಗಿ ಮಡಚಿದ್ದಾರೆ, ಅದೂ ಹೊರಮುಖವಾಗಿ. ಅದರ ಸುಕ್ಕನ್ನು ಎರಡು ಅಂಗೈಯಲ್ಲಿ ಒತ್ತಿ ಒತ್ತಿ ಸರಿಮಾಡಿದರು. ಬಲಗೈಯ ಹೆಬ್ಬೆರಳಿಗೆ ಪಟ್ಟಿ ಸುತ್ತಿತ್ತು. ಮೇಷ್ಟ್ರು ಪಕ್ಕದ ಸಾಲಿನಿಂದ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ನೋಡಿದಿರಾ ಎಂಬಂತೆ. ನೋಡಿದೆ. ಚೆನ್ನಾಗಿಯೇ ನೋಡಿದೆ. ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಕ್ಕೆ ಹೋದೆ. ದಾಳಿಂಬೆಯ ಬುಡ ಒದ್ದೆಯಾಗಿತ್ತು. ಯಾರೂ ನೋಡದಿದ್ದರೂ ಮೊದಲ ನೀರನ್ನು ಅಲ್ಲಿಗೇ ತಂದು ಸುರಿದಿದ್ದರು.

ಅಲ್ಲಿ ನಿಂತಾಗ ನಿನ್ನ ಸಾಲು ನೆನಪಾಯಿತು. ಗಂಜಿ ಎಷ್ಟು ಚಮಚ?

ಮಗನೇ, ಬಟ್ಟೆ ಒಗೆದು ಕೊಡುವವರು ಇರುವ ಗುರು ಗಂಜಿಯ ಲೆಕ್ಕ ಕೇಳುವುದಿಲ್ಲ. ಒಂಬತ್ತು ವರ್ಷದಿಂದ ಗುರುವಾಗಿದ್ದೀಯ, ಒಂದು ದಿನ ಕೇಳಿಲ್ಲ. ಮನೆಗೆ ಬಂದು ಡಬ್ಬದಲ್ಲಿದ್ದ ನಿನ್ನ ಕಾಗದಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿದೆ. ನಿನ್ನ ಚರ್ಚಿನ ಎದುರು ಮನೆಯ ಟೈಲರಮ್ಮ ಹಳೆಯ ಪ್ರತಿ ಕಾಗದದಲ್ಲೂ ಇದ್ದಾಳೆ. ಟೈಲರಮ್ಮ ಪೂಜೆಯ ಬಟ್ಟೆ ಒಗೆದು ತಂದಳು, ಬಲಿಪೀಠದ ಹಾಸಿಗೆ ಹೊಸ ಅಂಚು ಹೊಲಿದಳು, ಟೈಲರಮ್ಮ ಕೆಮ್ಮಿಗೆ ಕಷಾಯ ಕಳಿಸಿದಳು, ಟೈಲರಮ್ಮ ನಿನ್ನ ಉಪದೇಶ ಉದ್ದವಾಯಿತು ಎಂದು ಗಡಿಯಾರ ತೋರಿಸಿದಳು. ಕೊನೆಯ ನಾಲ್ಕು ಕಾಗದದಲ್ಲಿ ಅವಳು ಇಲ್ಲ. ಹಾಡಿದ ಹಾಡು, ಬಂದ ಜನ, ಮಕ್ಕಳ ಧರ್ಮೋಪದೇಶದ ತರಗತಿ, ಯಾವುದೂ ಇಲ್ಲ. ನನ್ನನ್ನು ಬೈದದ್ದು ಬಿಟ್ಟರೆ, ಹವೆ ಹೇಗಿದೆ, ಬೈಕು ಹೇಗಿದೆ ಎಂದಷ್ಟೇ ಬರೆದಿದ್ದೀಯ. ನೀನು ಅಲ್ಲಿ ಏನು ಬದಲಾಯಿಸಿದೆ? ಹೊತ್ತೋ, ಬೆಂಚೋ, ಯಾರದಾದರೂ ಕೈಯಲ್ಲಿದ್ದ ಬೀಗದ ಕೈಯೋ? ಯಾವ ಕೊಡೆಯ ಪ್ರಕಟಣೆಯ ಜೊತೆ ಹೇಳಿದೆ? ನನ್ನ ಹತ್ತಿರ ಮುಚ್ಚಿಟ್ಟದ್ದಕ್ಕೆ ಸಿಟ್ಟಿಲ್ಲ. ಅಮ್ಮ ಜನರ ಕಡೆಯವಳು, ಅವಳಿಗೆ ಹೇಳುವುದು ಹೇಗೆ ಎಂದುಕೊಂಡಿರಬೇಕು. ನೀನು ಸರಿಯಾಗಿಯೇ ಅಂದುಕೊಂಡೆ. ನಾನು ಜನರ ಕಡೆಯವಳೇ.

ಟ್ರಂಕು ತೆಗೆದೆ. ನಿನಗೆ ಗುರುದೀಕ್ಷೆ ಆದ ದಿನ ಅಂಗೈಗೆ ಹಚ್ಚಿದ ಪವಿತ್ರ ತೈಲವನ್ನು ಒರೆಸಿದ ಬಟ್ಟೆಯನ್ನು ನನ್ನ ಕೈಗೆ ಕೊಟ್ಟಿದ್ದೆಯಲ್ಲ, ನಾನು ಸತ್ತಾಗ ನನ್ನ ಕೈಯಲ್ಲಿಟ್ಟು ಮಣ್ಣುಮಾಡಬೇಕಾದ ಬಟ್ಟೆ, ಅದು ಟ್ರಂಕಿನ ತಳದಲ್ಲಿತ್ತು. ಇನ್ನೊಬ್ಬ ತಾಯಿಯ ಮಗನಿಂದ ತಡೆಹಿಡಿದ ಇಪ್ಪತ್ತೊಂಬತ್ತು ಬಟ್ಟೆಯ ಗಂಟನ್ನು ನಾನು ಅದರ ಮೇಲೆಯೇ ಹೇರಿಟ್ಟಿದ್ದೆ. ಎಷ್ಟೋ ಹೊತ್ತು ಟ್ರಂಕಿನ ಮುಂದೆ ಕೂತಿದ್ದೆ. ಅಳಲಿಲ್ಲ, ಹಾಗೆಂದುಕೊಳ್ಳಬೇಡ.

ನಿನ್ನೆ ಬೆಳಿಗ್ಗೆ ಗಂಟನ್ನು ತೆಗೆದುಕೊಂಡು ಹೋಗಿ ಬಲಿಪೀಠದ ಪಕ್ಕದ ಸಾಕ್ರಿಸ್ತಿ ಕೋಣೆಯ ಮೇಜಿನ ಮೇಲೆ ಇಟ್ಟೆ. ಫಾದರ್ ಅಲ್ಲೇ ಇದ್ದರು. "ಒಣಗಿತು" ಎಂದೆ. "ದೇವರು ಒಳ್ಳೇದು ಮಾಡ್ಲಿ ಅಮ್ಮಾ" ಎಂದರು. "ಅದಕ್ಕೆ ಮೊದಲು ನನ್ನ ಮಾತು ಕೇಳಿ" ಎಂದೆ. "ಬಟ್ಟೆ ದೇವರದು, ಅದನ್ನ ಹಿಡಿದಿಟ್ಟದ್ದು ನನ್ನ ತಪ್ಪು, ಪಾಪನಿವೇದನೆಯಲ್ಲಿ ಹೇಳ್ತೀನಿ, ಆದ್ರೆ ನಿಮ್ಮ ಹತ್ರ ಅಲ್ಲ. ಆರು ಗಂಟೆ ನಮ್ಮದು. ಅದನ್ನ ಬಿಟ್ಟುಕೊಡಲ್ಲ." ಅವರು ಕುರ್ಚಿಯಲ್ಲಿ ಕೂತುಬಿಟ್ಟರು. "ಮೂರು ಚರ್ಚು ತಲೆ ಮೇಲೆ ಹಾಕುವಾಗ ನನ್ನನ್ನೂ ಯಾರೂ ಕೇಳ್ಲಿಲ್ಲ ಅಮ್ಮಾ" ಎಂದರು. "ಹಾಗಾದ್ರೆ ಕೇಳದೆ ಇದ್ರೆ ಹೇಗಿರತ್ತೆ ಅಂತ ನಿಮಗೆ ಗೊತ್ತು. ಗೊತ್ತಿದ್ದೂ ನಮಗೆ ಮಾಡಿದಿರಿ" ಎಂದೆ. ಅವರು ಆ ಸುಟ್ಟ ಬಟ್ಟೆಯನ್ನು ಮುಂದೆ ತಳ್ಳಿ, "ಇದನ್ನ ಮಡಚೋದು ಹೇಗೆ?" ಎಂದರು. ತೋರಿಸಿದೆ. ಎರಡು ಸಲ ತಪ್ಪು ಮಾಡಿದರು, ಮೂರನೆಯ ಸಲ ಬಂತು. ಗುರುವಾರ ಸಮಿತಿಯನ್ನು ಕರೆದು ಕೂರುತ್ತೇನೆ ಎಂದಿದ್ದಾರೆ. ಆರು ಗಂಟೆ ವಾಪಸು ಬರುತ್ತದೆ ಎಂದು ಹೇಳಿಲ್ಲ. ನಾನೂ ಕೈಮುಗಿದು ಕೇಳಿಲ್ಲ.

ಮೇಷ್ಟ್ರಿಗೆ ಸುದ್ದಿ ಮುಟ್ಟುವುದಕ್ಕೆ ಒಂದು ಗಂಟೆಯೂ ಬೇಕಾಗಲಿಲ್ಲ. ಸಂಜೆ ಬಾಗಿಲಲ್ಲೇ ನಿಂತು, "ಮಗ ಫಾದರ್ ಅಲ್ವಾ ದೊಡ್ಡಮ್ಮಾ, ಕೊನೆಗೆ ನೀವು ಆ ಕಡೆಯೇ" ಎಂದು ಹೇಳಿ ಹೋದರು. ಹಾಲಿನ ಅಂಗಡಿಯಲ್ಲಿ ಇಬ್ಬರು ಮುಖ ತಿರುಗಿಸಿದರು. ನಿನ್ನ ಅಕ್ಕ ಮಾತ್ರ ನನ್ನ ಇಸ್ತ್ರಿ ಪೆಟ್ಟಿಗೆಯ ವೈರು ಸುತ್ತಿಟ್ಟಳು. ಗುರುವಾರದ ಸಭೆಯಲ್ಲಿ ನಾನು ಯಾರ ಪಕ್ಕ ಕೂರುತ್ತೇನೆ ಎಂದು ಎಲ್ಲರೂ ನೋಡುತ್ತಾರೆ. ಆರು ಗಂಟೆಯ ಆ ಹನ್ನೊಂದು ಜನರ ಪಕ್ಕ ಕೂರುತ್ತೇನೆ. ಮೇಷ್ಟ್ರು ಪಕ್ಕದಲ್ಲಿ ಜಾಗ ಬಿಡದಿದ್ದರೆ ನಿಂತುಕೊಂಡೇ ಮಾತಾಡುತ್ತೇನೆ, ಮಂಡಿ ನೋವಾದರೂ ಚಿಂತೆಯಿಲ್ಲ.

ಕಾಗದ ಉದ್ದವಾಯಿತು. ಮಾತ್ರೆ ತೆಗೆದುಕೋ. ಬೈಕನ್ನು ನಿಧಾನವಾಗಿ ಓಡಿಸು. ನಿನ್ನ ಅಕ್ಕ ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ನೀನು ಜನರನ್ನು ಆಶೀರ್ವದಿಸುವ ಕೈಗಳಿಗೆ ಹೆತ್ತವಳ ಆಶೀರ್ವಾದ ಇದ್ದೇ ಇದೆ. ದೇವರು ನಿನ್ನ ಜೊತೆಗಿರಲಿ, ನಿನ್ನ ಜನರ ಜೊತೆಗೂ ಇರಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗಂಜಿ ಎಷ್ಟು ಚಮಚ, ಕಲೆ ತೆಗೆಯುವುದು ಹೇಗೆ ಎಂದು ಕೇಳಿದ್ದೆಯಲ್ಲ, ನಾನು ಹೇಳುವುದಿಲ್ಲ. ಅದನ್ನು ಬಲ್ಲವಳು ನಿನ್ನ ಎದುರು ಮನೆಯಲ್ಲಿದ್ದಾಳೆ. ನೀನು ಹಾಳುಮಾಡಿದ ಬಟ್ಟೆಯನ್ನು ಮುಚ್ಚಿಡದೆ ಕೈಯಲ್ಲಿ ಹಿಡಿದುಕೊಂಡು, ರಸ್ತೆ ದಾಟಿ, ಟೈಲರಮ್ಮನ ಬಾಗಿಲಲ್ಲಿ ನಿಂತು ಅವಳನ್ನೇ ಕೇಳು. ಗಂಜಿಯನ್ನು ಕೇಳಿದ ಮೇಲೆ, ಅವಳನ್ನು ಕೇಳದೆ ಏನು ಬದಲಾಯಿಸಿದೆಯೋ ಅದನ್ನೂ ಕೇಳು. ಅವಳು ಒಳಗೆ ಕರೆಯದಿದ್ದರೆ, ಅವಳ ಹಗ್ಗ ಖಾಲಿಯಿದ್ದು "ಇನ್ನೂ ಒಣಗಿಲ್ಲ" ಎಂದರೆ, ವಾದ ಮಾಡಬೇಡ. "ಸರಿ ಅಮ್ಮಾ, ಒಣಗಲಿ" ಎಂದು ಹೇಳಿ ವಾಪಸು ಬಾ. ಮರುದಿನ ಮತ್ತೆ ಹೋಗು.